ಮೋಡವಿಲ್ಲದ ಸಂಜೆ, ಮೂವತ್ತು ಅಂಕ

ಪ್ರಶ್ನೆಪತ್ರಿಕೆಯ ಮೊದಲ ಪುಟದಲ್ಲಿ ಒಂದು ಪದ್ಯ ಅಚ್ಚಾಗಿರುತ್ತದೆ. ಬರೆದವರ ಹೆಸರಿರುವುದಿಲ್ಲ, ಯಾವ ಕಾಲದ್ದೆಂದು ಹೇಳಿರುವುದಿಲ್ಲ. ಅದರ ಕೆಳಗೆ ಒಂದೇ ಸಾಲು: ಈ ಪದ್ಯವನ್ನು ವಿಶ್ಲೇಷಿಸಿ. ಬಲಗಡೆ ಮೂವತ್ತು ಎಂಬ ಅಂಕೆ. ಬೇರೆ ಪ್ರಶ್ನೆಗಳಿಗೆ ಓದಿಕೊಂಡು ಹೋಗಬಹುದು, ಇದಕ್ಕೆ ಓದಿಕೊಳ್ಳುವುದೆಂದರೆ ಏನನ್ನು? ಆ ಪುಟ ನೆನಪಾದರೆ ಈಗಲೂ ನನ್ನ ಕೈಕಾಲು ತಣ್ಣಗಾಗುತ್ತವೆ. ಊಟಿಯ ಚಳಿಯಲ್ಲಿ ಹುಟ್ಟಿ ಬೆಳೆದವಳು ನಾನು, ಚಳಿಗೆ ಹೆದರುವವಳಲ್ಲ. ಇದು ಹೊಟ್ಟೆಯೊಳಗಿಂದ ಏಳುವ ಬೇರೆಯೇ ಥಂಡಿ.

ನಮ್ಮದು ಊಟಿಯ ಹತ್ತಿರ, ನಂಜನಾಡಿನ ಆಚೆಯ ಒಂದು ಹಟ್ಟಿ. ಒಂದಕ್ಕೊಂದು ಅಂಟಿಕೊಂಡ ಮನೆಗಳ ಸಾಲು, ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಹೊಲ. ಆಲೂಗೆಡ್ಡೆ, ಕ್ಯಾರೆಟ್, ಎಲೆಕೋಸು. ಮನೆಯಲ್ಲಿ ನಮ್ಮ ಬಡಗರ ಮಾತು, ಶಾಲೆಯಲ್ಲಿ ತಮಿಳು, ಕಾಲೇಜಿನಲ್ಲಿ ಇಂಗ್ಲಿಷ್. ಕನ್ನಡ ನಮ್ಮ ಮನೆಗೆ ಬಂದದ್ದು ಲಾರಿಯಲ್ಲಿ. ಅಪ್ಪ ಗೆಡ್ಡೆಯ ಲೋಡಿನ ಜೊತೆ ಮೈಸೂರಿನ ಮಂಡಿಗೆ ಹೋಗಿ ಬರುವಾಗ ಅಲ್ಲಿ ಓದಿ ಬಿಸಾಡಿದ ಕನ್ನಡ ವಾರಪತ್ರಿಕೆಗಳನ್ನು ಚೀಲದಲ್ಲಿ ತುಂಬಿಕೊಂಡು ಬರುತ್ತಿದ್ದ. ಅವನಿಗೆ ಅಂಗಡಿ ಬೋರ್ಡು ಓದುವಷ್ಟು ಅಕ್ಷರ ಗೊತ್ತಿತ್ತು, ಅದನ್ನೇ ನನಗೆ ಕಲಿಸಿದ. ಅಕ್ಷರ ಹಿಡಿದ ಮೇಲೆ ನೋಡಿದರೆ ಅದು ಅರ್ಧಕ್ಕರ್ಧ ನಮ್ಮ ಮಾತೇ! ಮಳೆಯಲ್ಲಿ ನೆನೆದು ಉಬ್ಬಿದ ಆ ಪತ್ರಿಕೆಗಳ ಕತೆಗಳನ್ನು ಓದಿ ಓದಿಯೇ ನಾನು ಕನ್ನಡದವಳಾದೆ.

ಹಾಗೆ ಕಲಿತ ಕನ್ನಡವೇ ನನಗೆ ಕೆಲಸ ಕೊಟ್ಟಿತು. ಊಟಿಯ ಒಂದು ಸಣ್ಣ ವಸತಿ ಶಾಲೆಯಲ್ಲಿ ಕರ್ನಾಟಕದ ಕಡೆಯ ಮಕ್ಕಳಿಗೆ ಎರಡನೆಯ ಭಾಷೆಯಾಗಿ ಕನ್ನಡ ಹೇಳಿಕೊಡುವವರು ಬೇಕಾಗಿದ್ದರು. ತಾತ್ಕಾಲಿಕ ಟೀಚರಾಗಿ ಸೇರಿಕೊಂಡೆ. ಮನೆ ಬಿಟ್ಟು ಬಂದ ಹುಡುಗಿಯರು ನನ್ನ ಕ್ಲಾಸಿನಲ್ಲಿ ಕತೆ ಕೇಳುತ್ತ ಮೂಗು ಒರೆಸಿಕೊಳ್ಳುವುದನ್ನು ನೋಡಿದ ಮೇಲೆ ನನಗೆ ಬೇರೆ ಯಾವ ಕೆಲಸವೂ ಬೇಡವಾಯಿತು. ಪ್ರಾಂಶುಪಾಲರು ಒಳ್ಳೆಯವರು, ಆದರೆ ನಿಯಮ ನಿಯಮವೇ. ಕನ್ನಡ ಎಂ.ಎ. ಇಲ್ಲದೆ ಬಹಳ ಕಾಲ ಇಟ್ಟುಕೊಳ್ಳಲಾಗದು ಎಂದು ಮೊದಲೇ ಹೇಳಿದ್ದರು. ಮೈಸೂರಿನಲ್ಲಿ ಅಂಚೆ ಶಿಕ್ಷಣಕ್ಕೆ ಹೆಸರು ಕೊಟ್ಟೆ. ಎಲ್ಲ ಪೇಪರೂ ಹೇಗೋ ದಾಟಿದವು, ಒಂದು ಮಾತ್ರ ಉಳಿಯಿತು. ಪ್ರಾಯೋಗಿಕ ವಿಮರ್ಶೆ. ಅದೇ ಹೆಸರಿಲ್ಲದ ಪದ್ಯದ ಪೇಪರು. ಅದಕ್ಕೆ ನನಗಿದ್ದದ್ದು ಎರಡೇ ಅವಕಾಶ. ಎರಡೂ ಕೈ ತಪ್ಪಿದರೆ ಡಿಗ್ರಿ ಇಲ್ಲ, ಡಿಗ್ರಿ ಇಲ್ಲದಿದ್ದರೆ ಮುಂದಿನ ಜೂನಿನಲ್ಲಿ ಆ ಕ್ಲಾಸಿನ ಬಾಗಿಲಲ್ಲಿ ಇನ್ನೊಬ್ಬರು ನಿಂತಿರುತ್ತಾರೆ. ಕ್ಯಾರೆಟ್ ತೊಳೆಯುವ ಕೆಲಸ ನನಗೆ ಬರುತ್ತದೆ, ಅದರಲ್ಲಿ ಅವಮಾನವೂ ಇಲ್ಲ. ಆದರೆ ನನಗೆ ಓದಿಸುವುದು ಬೇಕಿತ್ತು.

ಮೊದಲ ಸಲ ಅಪ್ಪನೇ ಜೊತೆಗೆ ಬಂದ. ಹಿಂದಿನ ದಿನವೇ ಹೋಗಿ, ಮಂಡಿಯಲ್ಲಿ ಅವನ ಪರಿಚಯದವರ ಮನೆಯಲ್ಲಿ ಮಲಗಿ, ಬೆಳಿಗ್ಗೆ ಪರೀಕ್ಷೆಯ ಕೇಂದ್ರಕ್ಕೆ ಬಂದೆವು. ಅಪ್ಪ ಗೇಟಿನ ಹೊರಗೆ ಮರದ ಕೆಳಗಿನ ಕಲ್ಲಿನ ಮೇಲೆ ಬಟ್ಟೆಯ ಚೀಲವಿಟ್ಟುಕೊಂಡು ಕೂತ. ನಾನು ಒಳಗೆ ಹೋದೆ.

ಪದ್ಯ ಹೀಗಿತ್ತು. ಒಂದು ಮನೆಯಲ್ಲಿ ಮದುವೆ. ಅಂಗಳದ ತುಂಬ ಜನ. ಬಿಳಿ ಸೀರೆಯ ಹೆಂಗಸೊಬ್ಬಳು ಬಾಗಿಲ ಹಿಂದೆ ನಿಂತು ಎಲ್ಲವನ್ನೂ ನೋಡುತ್ತಿದ್ದಾಳೆ. ದಿಬ್ಬಣ ಹೊರಡುವಾಗ ಅವಳು ಒಂದು ಹೆಜ್ಜೆ ಹಿಂದೆ ಸರಿಯುತ್ತಾಳೆ. ಕೊನೆಯಲ್ಲಿ ಅಡುಗೆಮನೆಯ ಮೂಲೆಯಲ್ಲಿ ಅವಳ ಊಟದ ಎಲೆ.

ಮೊದಲ ಹತ್ತು ನಿಮಿಷ ನನಗೆ ತಲೆಬುಡ ಅರ್ಥವಾಗಲಿಲ್ಲ. ಅಕ್ಷರಗಳು ಒಂದರ ಮೇಲೊಂದು ಹತ್ತಿಕೊಳ್ಳುತ್ತಿದ್ದವು. ಸುತ್ತ ಎಲ್ಲರ ಪೆನ್ನು ಓಡುವ ಸದ್ದು. ಆಗ ಆ ಬಿಳಿ ಕಣ್ಣಿಗೆ ಬಿತ್ತು, ನನಗೆ ಅಳುವಷ್ಟು ಸಮಾಧಾನವಾಯಿತು. ಅದು ನನ್ನ ಅವ್ವೆ! ನಮ್ಮ ಹಟ್ಟಿಗಳ ಹಿರಿಯ ಹೆಂಗಸರ ಉಡುಗೆಯೇ ಬಿಳಿ. ಬಿಳಿ ಮುಂಡು, ತಲೆಗೆ ಬಿಳಿ ಬಟ್ಟೆ. ಹಬ್ಬಕ್ಕೂ ಅದೇ, ಮದುವೆಗೂ ಅದೇ, ಗಂಡನಿದ್ದವಳಿಗೂ ಅದೇ, ಇಲ್ಲದವಳಿಗೂ ಅದೇ. ನಮ್ಮಲ್ಲಿ ಮದುವಣಗಿತ್ತಿಗೂ ಬಿಳಿ ಉಡಿಸುತ್ತಾರೆ. ಹಬ್ಬದ ಹಿಂದಿನ ದಿನ ಅವ್ವೆ ತನ್ನ ಮುಂಡನ್ನು ಒಗೆದು ಬೇಲಿಯ ಮೇಲೆ ಹರವಿ, ಅದರ ಮೇಲೆ ಕೋಳಿ ಹಾರದಂತೆ ಕಾಯುತ್ತ ಕೂರುವುದನ್ನು ನೋಡುತ್ತಲೇ ಬೆಳೆದವಳು ನಾನು. ಪೆನ್ನು ಎತ್ತಿಕೊಂಡು ಬರೆದೆ. ಈಕೆ ಮನೆಯ ಹಿರಿಯಳು, ಮದುವೆಗೆಂದು ಮಡಿ ಉಟ್ಟಿದ್ದಾಳೆ, ದೊಡ್ಡವರಿಗೆ ಸಹಜವಾದ ಸಂಕೋಚದಿಂದ ಹಿಂದೆ ಸರಿದು ಎಳೆಯರಿಗೆ ದಾರಿ ಬಿಡುತ್ತಿದ್ದಾಳೆ, ಬಂದವರೆಲ್ಲ ಉಂಡ ಮೇಲೆ ತಾನು ಉಣ್ಣುತ್ತಾಳೆ. ನಾಲ್ಕು ಪುಟ. ನನ್ನ ತಾಯಿಯೂ ಹೀಗೆಯೇ ಎಂದು ಒಂದು ಸಾಲನ್ನೂ ಸೇರಿಸಿದೆ. ಅಷ್ಟು ಸಲೀಸಾಗಿ ನಾನು ಯಾವ ಪರೀಕ್ಷೆಯಲ್ಲೂ ಬರೆದಿರಲಿಲ್ಲ.

ಹೊರಗೆ ಬಂದಾಗ ಕಾರಿಡಾರಿನಲ್ಲಿ ಹುಣಸೂರು ಕಡೆಯ ಒಬ್ಬ ಹೆಂಗಸು, ಕಾಂಟ್ಯಾಕ್ಟ್ ಕ್ಲಾಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವರು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದರು.

“ಪಾಪ ಕಣ್ರೀ, ಆ ವಿಧವೆ ಪದ್ಯ ಓದಿ ನಂಗೆ ತಡೆಯಕ್ಕೇ ಆಗ್ಲಿಲ್ಲ” ಎಂದರು.

“ಯಾವ ವಿಧವೆ?” ಎಂದೆ.

“ಇನ್ಯಾವ್ದು? ಮದ್ವೆ ಮನೇಲಿ ಬಿಳಿ ಸೀರೆ ಉಟ್ಕೊಂಡು ಬಾಗ್ಲು ಹಿಂದೆ ನಿಂತಿರ್ತಾಳಲ್ಲ, ಅವ್ಳು.”

ಬಿಳಿ ಸೀರೆಯ ಆ ಅರ್ಥ ನನಗೆ ಗೊತ್ತಿರಲಿಲ್ಲವೆಂದಲ್ಲ. ಸಿನಿಮಾಗಳಲ್ಲಿ ನೋಡಿದ್ದೆ, ಅಪ್ಪ ತಂದ ಪತ್ರಿಕೆಗಳ ಕತೆಗಳಲ್ಲಿ ಎಷ್ಟೋ ಸಲ ಓದಿದ್ದೆ. ಆದರೆ ಆ ಹತ್ತು ನಿಮಿಷದ ಗಾಬರಿಯಲ್ಲಿ ಮನಸ್ಸು ತನಗೆ ತೀರ ಹತ್ತಿರದ್ದನ್ನು ಗಬಕ್ಕನೆ ಹಿಡಿದುಕೊಂಡಿತ್ತು. ಹಿಡಿದ ಮೇಲೆ ಬಿಡಲಿಲ್ಲ.

ಅಂಕ ಹೋಯಿತೆಂಬ ಹೆದರಿಕೆ ಗೇಟಿನವರೆಗೆ ಮಾತ್ರ ಇತ್ತು. ಗೇಟು ದಾಟಿದಾಗ ಮರದ ಕೆಳಗೆ ಅಪ್ಪ ಕೆಮ್ಮುತ್ತ ಎದ್ದು ನಿಂತ. “ಎತ್ತೆ ಬರದೆ?” ಎಂದು ಕೇಳಿದ. ಹೇಗೆ ಬರೆದೆ ಎಂದು. ಅವನ ಮುಖ ನೋಡಿದ ಕೂಡಲೇ ಇನ್ನೊಂದು ಹೆದರಿಕೆ ಬಂದು ಎದೆಯ ಮೇಲೆ ಕೂತಿತು. ಆ ಪದ್ಯದಲ್ಲಿ ವಿಧವೆ ನಿಂತ ಜಾಗದಲ್ಲಿ ನಾನು ನನ್ನ ಅವ್ವೆಯನ್ನು ನಿಲ್ಲಿಸಿದ್ದೆ. ನನ್ನ ಕೈಯಾರೆ, ನಾಲ್ಕು ಪುಟ, ಮೇಲೆ ನನ್ನ ನೋಂದಣಿ ಸಂಖ್ಯೆ. ಅವ್ವೆಯ ಗಂಡ ನನ್ನೆದುರಿಗೆ ಕೆಮ್ಮುತ್ತ ನಿಂತಿದ್ದ.

“ಒಳ್ಳೆಂಗೆ ಬರದೆ, ಅಪ್ಪ” ಎಂದೆ.

ಓದಿದವಳಿಗೆ ಇಂಥ ಮೂಢನಂಬಿಕೆಯೇ ಎಂದು ಯಾರಾದರೂ ನಗಬಹುದು. ನಗಲಿ. ಬಂಡೀಪುರ ದಾಟಿ ತೆಪ್ಪಕಾಡಿನ ಹತ್ತಿರ ರಸ್ತೆ ಬದಿಯಲ್ಲಿ ಮರಿಯೊಂದಿಗೆ ಆನೆ ನಿಂತಿತ್ತು, ಬಸ್ಸಿನವರೆಲ್ಲ ಒಂದೇ ಕಡೆ ವಾಲಿ ನೋಡಿದರು. ನಾನು ನೋಡುತ್ತಿದ್ದದ್ದು ಬಾಯಿ ತೆರೆದು ನಿದ್ದೆಹೋಗಿದ್ದ ಅಪ್ಪನ ಎದೆಯನ್ನು. ಅದು ಏರುತ್ತಿದೆಯೇ, ಇಳಿಯುತ್ತಿದೆಯೇ. ಗೂಡಲೂರಿನಲ್ಲಿ ಅವನು ಎದ್ದು ಟೀ ಕುಡಿದ ಮೇಲೆಯೇ ನನಗೆ ಉಸಿರು ಬಂದದ್ದು.

ಆ ವಿಷಯವನ್ನು ಮನೆಯಲ್ಲಿ ಹೇಳಲಿಲ್ಲ. ಅಪ್ಪನ ಕೆಮ್ಮಿಗೆ ಮಾತ್ರ ಹಗಲೂ ಇರುಳೂ ಕಿವಿಗೊಟ್ಟಿದ್ದೆ. ಆಸ್ಪತ್ರೆಗೆ ಹೋಗೋಣವೆಂದು ವಾರಕ್ಕೊಮ್ಮೆ ಕಾಡುತ್ತಿದ್ದೆ. ಅವನು ಕೊನೆಗೆ ರೇಗಿ, “ಎನಗ ಏನಾಗಾದೆ? ನಿನಗೆ ಹುಚ್ಚಾ?” ಎಂದ. ಫಲಿತಾಂಶ ಬಂದಾಗ ಆ ಪೇಪರಿನಲ್ಲಿ ಆರು ಅಂಕ ಕಡಿಮೆಯಾಗಿ ಫೇಲಾಗಿದ್ದೆ. ಅಪ್ಪನಿಗೆ ಏನೂ ಆಗಿರಲಿಲ್ಲ. ಆ ದಿನ ಫೇಲಾದದ್ದಕ್ಕೆ ಅಳಬೇಕೋ, ಅಷ್ಟರಲ್ಲೇ ಮುಗಿಯಿತೆಂದು ದೇವರಿಗೆ ಕೈ ಮುಗಿಯಬೇಕೋ ತಿಳಿಯಲಿಲ್ಲ.

ಇನ್ನೊಂದೇ ಅವಕಾಶ ಉಳಿಯಿತು. ಮುಂದಿನ ಕಾಂಟ್ಯಾಕ್ಟ್ ಕ್ಲಾಸಿಗೆ ಹೋದಾಗ ಆ ಉತ್ತರವನ್ನು ನೆನಪಿನಿಂದ ಮತ್ತೆ ಬರೆದುಕೊಂಡು ಹೋಗಿ, ಪ್ರಶ್ನೆಪತ್ರಿಕೆಯ ಜೊತೆಗೆ ಮೇಷ್ಟ್ರ ಮುಂದಿಟ್ಟೆ. ಅವರು ನಿವೃತ್ತಿಯಾದ ಮೇಲೂ ಪಾಠ ಮಾಡಲು ಬರುತ್ತಿದ್ದ ಹಿರಿಯರು. ನಗುತ್ತಾರೆಂದು ತಲೆ ತಗ್ಗಿಸಿ ನಿಂತಿದ್ದೆ. ನಗಲಿಲ್ಲ. ನಾಲ್ಕೂ ಪುಟ ಓದಿದರು.

“ಚೆನ್ನಾಗಿ ಬರ್ದಿದ್ದೀಯಮ್ಮ. ಆದ್ರೆ ಇದು ನಿಮ್ಮಮ್ಮನ ಬಗ್ಗೆ. ಪದ್ಯದಲ್ಲಿರೋ ಹೆಂಗಸಿನ ಬಗ್ಗೆ ಎಲ್ಲಿ ಬರ್ದೆ?”

ನಾನು ಬಿಳಿಯ ಬಗ್ಗೆ ಹೇಳಲು ಹೊರಟೆ. ಅವರು ಕೈ ಅಡ್ಡ ಮಾಡಿದರು. “ಬಿಳಿ ಬಿಡು. ಬಿಳೀನ ಕಾಗದ ಇಟ್ಟು ಮುಚ್ಕೊಂಡು ಓದು. ಅವಳು ಯಾಕೆ ಹಿಂದಕ್ಕೆ ಸರೀತಾಳೆ? ಎಲ್ಲರ ಎಲೆ ಅಂಗಳದಲ್ಲಿ, ಅವಳದ್ದು ಯಾಕೆ ಅಡುಗೆಮನೆ ಮೂಲೇಲಿ? ಇಡೀ ಪದ್ಯದಲ್ಲಿ ಒಬ್ಬರಾದ್ರೂ ಅವಳನ್ನ ಮಾತಾಡಿಸ್ತಾರಾ?”

ಮಾತಾಡಿಸುವುದಿಲ್ಲ. ಅದು ಪದ್ಯದಲ್ಲೇ ಇತ್ತು, ನಾನೇ ನೋಡಿರಲಿಲ್ಲ. ನಮ್ಮ ಹಟ್ಟಿಯ ಮದುವೆಯಲ್ಲಿ ಅವ್ವೆಯನ್ನು ಮಾತಾಡಿಸದೆ ಮುಂದೆ ಹೋಗುವ ಧೈರ್ಯ ಯಾರಿಗಿದೆ?

“ಏನೇ ಬರಿ, ಒಂದು ಬೆರಳು ಪದ್ಯದ ಮೇಲಿರ್ಲಿ. ಇದು ಯಾವ ಸಾಲಲ್ಲಿದೆ ಅಂತ ನಿನ್ನನ್ನ ನೀನೇ ಕೇಳ್ಕೊ. ಬೆರಳ ಕೆಳಗೆ ಸಾಲು ಸಿಕ್ಕಲಿಲ್ವಾ, ಬರೀಬೇಡ” ಎಂದು ಕಾಗದ ವಾಪಸು ಕೊಟ್ಟರು.

ಅಷ್ಟು ಸಾಕಿತ್ತು. ಆದರೆ ಹೆದರಿದವಳಿಗೆ ಒಂದು ಮಾತು ಸಾಲದು. ಅಂದೇ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಒಂದು ಗೈಡನ್ನೂ ಕೊಂಡೆ. ಅದರ ಹಿಂಭಾಗದಲ್ಲಿ ಪಟ್ಟಿಯೇ ಇತ್ತು. ಬಿಳಿ ಎಂದರೆ ವೈಧವ್ಯ. ಹೊಸಿಲು ಎಂದರೆ ಬಂಧನ. ನದಿ ಎಂದರೆ ಕಾಲ. ಸಂಜೆ ಎಂದರೆ ಮುಪ್ಪು. ತಿಳಿಯಾದ ಆಕಾಶವೆಂದರೆ ನೆಮ್ಮದಿ. ಹಟ್ಟಿಯಿಂದ ಬಸ್ಸಿಗೆ ನಡೆಯುವ ದಾರಿಯಲ್ಲಿ ಅದನ್ನು ಗಟ್ಟಿಯಾಗಿ ಬಾಯಿಪಾಠ ಮಾಡಿದೆ. ಎದುರು ಬಂದವರು ನಾನು ಯಾವುದೋ ಮಂತ್ರ ಹೇಳಿಕೊಳ್ಳುತ್ತಿದ್ದೇನೆಂದು ದಾರಿ ಬಿಡುತ್ತಿದ್ದರು.

ಸಂಜೆಯ ಹೊತ್ತು ಅಭ್ಯಾಸ. ಅದಕ್ಕೆ ಅವ್ವೆಯ ಸಹಾಯ ಬೇಕಿತ್ತು, ಏಕೆಂದರೆ ನಾನೇ ಆರಿಸಿದರೆ ಅದು ಗುರುತಿಲ್ಲದ ಪದ್ಯವಾಗುವುದಿಲ್ಲ. ಅವ್ವೆಗೆ ಅಕ್ಷರ ಬಾರದು. ಹಳೆಯ ಪತ್ರಿಕೆಗಳ ರಾಶಿಯಿಂದ ಒಂದನ್ನು ಎಳೆದು, ಸಾಲುಗಳು ಗಿಡ್ಡವಾಗಿರುವ ಪುಟ ನೋಡಿ, ಬರೆದವರ ಹೆಸರಿನ ಮೇಲೆ ಹೆಬ್ಬೆರಳಿಟ್ಟು, “ಇದ” ಎಂದು ಕೊಡುತ್ತಿದ್ದಳು. ಗಡಿಯಾರ ನೋಡಿಕೊಂಡು ನಾನು ಬರೆಯಬೇಕು. ಒಂದು ಸಲ ಎರಡು ನಿಮಿಷ ರೂಪಕಗಳನ್ನು ಹುಡುಕಿದ ಮೇಲೆ ತಿಳಿಯಿತು, ಅದು ಕೂದಲೆಣ್ಣೆಯ ಜಾಹೀರಾತು. ಅವ್ವೆ ಹೊಟ್ಟೆ ಹಿಡಿದು ನಕ್ಕಳು. ನನಗೆ ನಗು ಬರಲಿಲ್ಲ. ಜಾಹೀರಾತಿಗೂ ಪದ್ಯಕ್ಕೂ ವ್ಯತ್ಯಾಸ ತಿಳಿಯದವಳು ಪರೀಕ್ಷೆಗೆ ಹೊರಟಿದ್ದಾಳಲ್ಲ ಎಂದು ಬೆವರಿದೆ.

ಬರೆದಾದ ಮೇಲೆ ಪದ್ಯದಲ್ಲಿ ಏನಿತ್ತೆಂದು ಅವ್ವೆಗೆ ನಮ್ಮ ಮಾತಿನಲ್ಲಿ ಹೇಳಬೇಕು. ಅದು ಅವಳ ಕೂಲಿ. ಕೇಳಿದ ಮೇಲೆ ಪ್ರಶ್ನೆ ಹಾಕದೆ ಬಿಡುವವಳಲ್ಲ. ಊರು ಬಿಟ್ಟು ಹೋದವನೊಬ್ಬನ ಪದ್ಯವನ್ನು ನಾನು ಒಂಟಿತನ, ಅಸ್ತಿತ್ವ ಎಂದೆಲ್ಲ ವಿವರಿಸಿದರೆ ಅವಳು ಕೇಳುವುದು, ಹೋಗುವಾಗ ಅವನು ಹಿಟ್ಟು ತಿಂದನೇ ಎಂದು. ಹಿಟ್ಟು ಎಂದರೆ ನಮ್ಮಲ್ಲಿ ಊಟ. ತಿಂದನೋ ಇಲ್ಲವೋ ಪದ್ಯದಲ್ಲಿ ಹೇಳಿಲ್ಲ ಎಂದರೆ ಅವಳಿಗೆ ಕೋಪ. ಬರೆದವನು ಅಷ್ಟೂ ನೋಡಲಿಲ್ಲವೇ ಎಂದು.

ಎರಡನೆಯ ಸಲದ ಪರೀಕ್ಷೆ ಜನವರಿಯಲ್ಲಿ ಬಂತು. ಹೊರಡುವಾಗ ನಾನು ಅವ್ವೆಯ ಮುಂದೆ ತಲೆ ಬಾಗಿಸಿ ನಿಂತೆ. ಅವಳು ನೆತ್ತಿಯ ಮೇಲೆ ಕೈಯಿಟ್ಟು, “ಅಂಜ ಬೇಡ, ಕೂಸೆ” ಎಂದಳು. ಅಪ್ಪ ಮತ್ತೆ ಜೊತೆಗೆ ಬಂದು, ಮತ್ತೆ ಅದೇ ಮರದ ಕೆಳಗೆ ಅದೇ ಕಲ್ಲಿನ ಮೇಲೆ ಕೂತ. ಬೇರೆ ಕಡೆ ಕೂರು ಎಂದು ಹೇಳಬೇಕೆಂದುಕೊಳ್ಳುತ್ತಲೇ ಒಳಗೆ ಹೋದೆ.

ಪತ್ರಿಕೆ ಕೈಗೆ ಬಂದಾಗ ಮೊದಲು ನೋಡಿದ್ದು ಬಿಳಿ ಎಲ್ಲಾದರೂ ಇದೆಯೇ ಎಂದು. ಇರಲಿಲ್ಲ. ಹಾಗಾದರೆ ಬದುಕಿದೆ ಎಂದುಕೊಂಡೆ.

ಅದು ಒಬ್ಬ ಮುದುಕಿಯ ಪದ್ಯ. ಸಂಜೆ ಅವಳು ಮನೆಯ ಹಿಂದಿನ ಹೊಲಕ್ಕೆ ಬಂದು ನಿಲ್ಲುತ್ತಾಳೆ. ಗುಡಿಸಿಟ್ಟಂತೆ ತಿಳಿಯಾದ ಆಕಾಶ, ಅದರಲ್ಲಿ ಒಂದೊಂದಾಗಿ ಮೂಡುವ ನಕ್ಷತ್ರ. ಎಲೆಗಳ ತುದಿ ಅಲುಗುವುದಿಲ್ಲ. ಒಳಗೆ ಒಲೆಯ ಸುತ್ತ ಕೂತವರು ಅವಳನ್ನು ಕರೆಯುತ್ತಾರೆ, ಅವಳಿಗೆ ಕೇಳಿಸುವುದಿಲ್ಲ. ಅವಳು ಬಗ್ಗಿ ಮಣ್ಣಿನ ಮೇಲೆ ಅಂಗೈ ಇಡುತ್ತಾಳೆ. ಮತ್ತೆ ತಲೆ ಎತ್ತಿ ಆಕಾಶ ನೋಡುತ್ತಾಳೆ. ಕಣ್ಣು ಕೀಳಲಿಲ್ಲ ಎನ್ನುವಲ್ಲಿಗೆ ಪದ್ಯ ಮುಗಿಯುತ್ತದೆ.

ಗೈಡಿನ ಪಟ್ಟಿ ತಾನಾಗಿಯೇ ನಾಲಿಗೆಗೆ ಬಂತು. ಸಂಜೆ, ಮುಪ್ಪು. ತಿಳಿಯಾದ ಆಕಾಶ, ನೆಮ್ಮದಿ. ಬದುಕಿನ ಸಂಜೆಯಲ್ಲಿ ಪ್ರಕೃತಿಯೊಂದಿಗೆ ಒಂದಾದ ಹಿರಿಯ ಜೀವದ ಶಾಂತಿಯನ್ನು ಕವಿ ಮನೋಜ್ಞವಾಗಿ ಚಿತ್ರಿಸಿದ್ದಾರೆ ಎಂದು ಬರೆಯಲು ಶುರು ಮಾಡಿದೆ. ಅರ್ಧ ಪುಟ ನೀರು ಹರಿದಂತೆ ಹರಿಯಿತು. ಆಮೇಲೆ ಮೇಷ್ಟ್ರ ಮಾತು ನೆನಪಾಗಿ ಎಡಗೈಯ ಬೆರಳನ್ನು ಪದ್ಯದ ಮೇಲಿಟ್ಟೆ. ಎಲೆಗಳ ತುದಿ ಅಲುಗುವುದಿಲ್ಲ ಎಂಬ ಸಾಲಿನ ಮೇಲೆ. ಅಲ್ಲಿಂದ ಅಂಗೈಯ ಸಾಲಿಗೆ ಬಂದೆ.

ಹೊಟ್ಟೆಯೊಳಗೆ ಆ ಥಂಡಿ ಎದ್ದಿತು. ಆದರೆ ಇದು ಪರೀಕ್ಷೆಯ ಥಂಡಿಯಲ್ಲ, ಅದಕ್ಕಿಂತ ಹಳೆಯದು. ಇದರ ಗುರುತು ನನಗಿತ್ತು.

ನಮ್ಮ ಬೆಟ್ಟದಲ್ಲಿ ಮಂಜು ಮುಸುಕಿದರೆ, ಮೋಡ ಕವಿದರೆ ಯಾರೂ ಹೆದರುವುದಿಲ್ಲ. ಅದು ಹೊಲಕ್ಕೆ ಹೊದಿಕೆ. ಜನವರಿಯ ಒಂದು ಸಂಜೆ ಆಕಾಶ ಪೂರ್ತಿ ತಿಳಿಯಾಗಿ, ಗಾಳಿ ನಿಂತುಹೋದರೆ, ಅಂದು ಪನಿ ಬೀಳುತ್ತದೆ. ಇಬ್ಬನಿ ಎಲೆಯ ಮೇಲೆಯೇ ಹೆಪ್ಪುಗಟ್ಟುತ್ತದೆ. ಬೆಳಿಗ್ಗೆ ನೋಡಿದರೆ ಹೊಲವೆಲ್ಲ ಸಕ್ಕರೆ ಚೆಲ್ಲಿದಂತೆ ಬೆಳ್ಳಗೆ. ಬಿಸಿಲು ತಾಗಿದ ಮೇಲೆ ಬಿಸಿನೀರು ಸುರಿದಂತೆ ಎಲೆಗಳು ಕಪ್ಪಾಗಿ ಜೋಲುತ್ತವೆ. ಊಟಿಗೆ ಬಂದ ಪ್ರವಾಸಿಗರು ಅಂಥ ಆಕಾಶ ನೋಡಿ ಹಿಗ್ಗುತ್ತಾರೆ, ಫೋಟೋ ತೆಗೆಯುತ್ತಾರೆ. ಅವ್ವೆ ಅಂಥ ಸಂಜೆ ಉಣ್ಣುವುದಿಲ್ಲ. ಹೊಲಕ್ಕೆ ಇಳಿದು ಮಣ್ಣಿನ ಮೇಲೆ ಅಂಗೈ ಇಟ್ಟು ನೋಡುತ್ತಾಳೆ. ನಾವು ಮಕ್ಕಳು ಬಾಗಿಲಲ್ಲಿ ನಿಂತು ಅವಳ ಮುಖವನ್ನು ನೋಡುತ್ತಿದ್ದೆವು. ಆ ಮುಖದಲ್ಲಿ ಶಾಂತಿಯಂತೂ ಇರುತ್ತಿರಲಿಲ್ಲ.

ಈ ಮುದುಕಿ ಹೆದರಿದ್ದಾಳೆ ಎನ್ನಿಸಿತು. ಕೂಡಲೇ ಇನ್ನೊಂದು ದನಿ, ಮತ್ತೆ ನಿನ್ನ ಅವ್ವೆ! ಮತ್ತೆ ಅದೇ ಹಳ್ಳಕ್ಕೆ ಬೀಳುತ್ತಿದ್ದೀಯ! ಇದನ್ನು ಬರೆದವರು ಯಾವ ಊರಿನವರೋ. ಕನ್ನಡ ನಾಡಿನಲ್ಲಿ ಪನಿ ಎಲ್ಲಿ ಬೀಳುತ್ತದೆ? ಪೇಪರು ತಿದ್ದುವವರು ಹೆಪ್ಪುಗಟ್ಟಿದ ಇಬ್ಬನಿಯನ್ನು ಜೀವಮಾನದಲ್ಲಿ ನೋಡಿರುತ್ತಾರೆಯೇ? ಪೆನ್ನು ಡೆಸ್ಕಿನಿಂದ ಉರುಳಿ ಬಿತ್ತು. ಮೇಲ್ವಿಚಾರಕರು ಎತ್ತಿಕೊಟ್ಟು, “ಹುಷಾರಾಗಿದ್ದೀರೇನಮ್ಮ? ನೀರು ಬೇಕಾ?” ಎಂದರು. ಗಂಟೆ ನೋಡಿದೆ. ಇನ್ನೂ ಉಳಿದ ಪ್ರಶ್ನೆಗಳನ್ನು ಮುಟ್ಟಿಯೇ ಇರಲಿಲ್ಲ. ಶಾಂತಿ ಎಂದು ಬರೆದರೆ ಹದಿನೈದಾದರೂ ಬರುತ್ತದೆ, ಅದು ಖಾತ್ರಿ. ಹೆದರಿಕೆ ಎಂದು ಬರೆದು ತಪ್ಪಾದರೆ ಶಾಲೆ ಹೋಯಿತು, ಆ ಹುಡುಗಿಯರು ಹೋದರು, ಎಲ್ಲ ಹೋಯಿತು.

ಬೆರಳು ಮಾತ್ರ ಪದ್ಯದ ಮೇಲೆಯೇ ಇತ್ತು. ಅವ್ವೆಯನ್ನು ಮನಸ್ಸಿನಿಂದ ಆಚೆ ನಿಲ್ಲಿಸಿ ಒಂದೊಂದೇ ಸಾಲನ್ನು ಕೇಳಿದೆ. ನೆಮ್ಮದಿಯಿಂದಿದ್ದವಳು ಮಣ್ಣನ್ನು ಯಾಕೆ ಮುಟ್ಟಿ ನೋಡುತ್ತಾಳೆ? ಒಲೆಯ ಹತ್ತಿರ ಬಾ ಎಂದರೆ ಕೇಳಿಸದಷ್ಟು ಅವಳ ಗಮನ ಎಲ್ಲಿದೆ? ಸೊಬಗಿಗಾಗಿ ಆಕಾಶ ನೋಡುವವಳು ನಡುವೆ ಬಗ್ಗಿ ನೆಲವನ್ನೇಕೆ ನೋಡುತ್ತಾಳೆ? ಕಣ್ಣು ಕೀಳಲಿಲ್ಲ ಎಂಬುದು ಖುಷಿಯ ಮಾತೇ? ಒಂದು ಸಾಲೂ ಶಾಂತಿ ಎಂದು ಹೇಳುತ್ತಿರಲಿಲ್ಲ. ಶಾಂತಿ ಇದ್ದದ್ದು ಗೈಡಿನಲ್ಲಿ.

ಅರ್ಧ ಪುಟವನ್ನು ಸ್ಕೇಲಿಟ್ಟು ಅಡ್ಡಗೆರೆ ಹೊಡೆದೆ. ಈ ಪದ್ಯದ ಒಳಗೆ ಇರುವುದು ಹೆದರಿಕೆ ಎಂದು ಬರೆದೆ. ಯಾವುದರ ಹೆದರಿಕೆ ಎಂದು ಪದ್ಯ ಬಾಯಿ ಬಿಟ್ಟು ಹೇಳುವುದಿಲ್ಲ, ಆದರೆ ಅದು ಮೇಲಿನಿಂದ ಬರುವಂಥದು, ನೆಲಕ್ಕೆ ತಾಗುವಂಥದು ಎಂದು ಸಾಲುಗಳನ್ನು ತೋರಿಸಿ ಬರೆದೆ. ಚಳಿನಾಡಿನ ಬೇಸಾಯಗಾರರು ಇಂಥ ಆಕಾಶಕ್ಕೆ ಅಂಜುತ್ತಾರೆಂದು ಕೊನೆಯಲ್ಲಿ ಒಂದೇ ಒಂದು ವಾಕ್ಯ. ಅವ್ವೆಯ ಹೆಸರೆತ್ತಲಿಲ್ಲ. ಆ ಸಲ ಎರಡೂವರೆ ಪುಟ ಮಾತ್ರ ಬಂತು. ಉಳಿದ ಪ್ರಶ್ನೆಗಳಿಗೆ ಓಡೋಡಿ ಬರೆದೆ.

ಕಾರಿಡಾರಿನಲ್ಲಿ ಇಬ್ಬರು ಹುಡುಗರು ನಗುತ್ತ ಬರುತ್ತಿದ್ದರು. “ಈ ಸಲ ಸಖತ್ ಈಸಿ ಗುರೂ. ಸಂಜೆ ವರ್ಣನೆ, ಮುಪ್ಪಿನ ನೆಮ್ಮದಿ. ಗೈಡಲ್ಲಿ ಇದ್ದಂಗೇ ಇತ್ತು.” ಅದೇ ಕಾರಿಡಾರು, ಮತ್ತೆ ನಾನೊಬ್ಬಳೇ ಬೇರೆ. ಈ ಸಲ ಯಾರನ್ನೂ ಏನನ್ನೂ ಕೇಳಲಿಲ್ಲ. ಗೇಟಿನ ಹೊರಗೆ ಅಪ್ಪ ಕಡಲೆಕಾಯಿ ತಿನ್ನುತ್ತ ಗಟ್ಟಿಯಾಗಿ ಕೂತಿದ್ದ. ಅದೊಂದೇ ಸಮಾಧಾನ.

ಮಧ್ಯಾಹ್ನದ ಬಸ್ಸು ಹಿಡಿದು, ಗೂಡಲೂರು, ನಡುವಟ್ಟಂ ಹತ್ತಿ, ಊಟಿಯಲ್ಲಿ ಬಸ್ಸು ಬದಲಾಯಿಸಿ ಹಟ್ಟಿ ಸೇರುವಾಗ ದೀಪ ಹಚ್ಚುವ ಹೊತ್ತು. ಅವ್ವೆ ಒಲೆಯ ಮುಂದೆ ಇದ್ದಳು. ನಾನು ಕೈಕಾಲು ತೊಳೆದು ಬಂದು ಕೂರುತ್ತಲೇ, “ಪದ್ಯ ಏನ ಹೇಳ್ತು?” ಎಂದು ಕೇಳಿದಳು. ಅವಳ ಕೂಲಿ. ಮುದುಕಿಯ ಪದ್ಯವನ್ನು ಹೇಳಿದೆ. ನಾನು ಬರೆದದ್ದನ್ನು ಹೇಳಲಿಲ್ಲ, ಪದ್ಯದಲ್ಲಿದ್ದದ್ದನ್ನು ಮಾತ್ರ ಹೇಳಿದೆ.

ಅರ್ಧದಲ್ಲೇ ಅವ್ವೆಯ ಕೈಯಲ್ಲಿದ್ದ ಸೌಟು ನಿಂತಿತು.

“ಮೋಡ ಇಲ್ಲೆಯಾ?”

“ಇಲ್ಲೆ, ಅವ್ವೆ.”

“ಗಾಳಿ?”

“ಅದೂ ಇಲ್ಲೆ.”

“ಮಣ್ಣ ಮೇಲೆ ಕೈಯ ಇಟ್ಟಳಾ?”

“ಇಟ್ಟಳು.”

“ಅಯ್ಯೋ” ಎಂದಳು ಅವ್ವೆ. “ಆ ಹೆಮ್ಮಾತಿ ಬೆಳೆಯ ಮುಚ್ಚಿದಳಾ?”

ಹೆಮ್ಮಾತಿ ಎಂದರೆ ಹೆಂಗಸು. ಆ ಹೆಂಗಸು ಬೆಳೆಯನ್ನು ಮುಚ್ಚಿದಳೇ ಎಂದು ಕೇಳುತ್ತಿದ್ದಳು. ಪದ್ಯ ಅಲ್ಲಿಗೇ ಮುಗಿಯಿತು ಎಂದೆ. ಅವ್ವೆಗೆ ಅದು ಒಪ್ಪಿಗೆಯಾಗಲಿಲ್ಲ. ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಎದ್ದು ಹೊರಗೆ ಹೋದಳು. ಹಿಂದೆಯೇ ಹೋಗಿ ನೋಡಿದರೆ ಅಂಗಳದಲ್ಲಿ ತಲೆ ಎತ್ತಿ ನಿಂತಿದ್ದಾಳೆ. ಮೇಲೆ ಒಂದು ಚೂರು ಮೋಡವಿಲ್ಲ. ಅಪ್ಪನನ್ನು ಕೂಗಿದಳು. ಮೂವರೂ ಸೇರಿ ಒಣಹುಲ್ಲನ್ನು ಹೊತ್ತು ತಂದು ಎಲೆಕೋಸಿನ ಸಸಿಗಳನ್ನು ಮುಚ್ಚಿದೆವು. ಬೆರಳು ಮರಗಟ್ಟಿದ್ದವು. ಅವ್ವೆಗೆ ಆ ಪದ್ಯ ನಾಲ್ಕು ಮಾತಿನಲ್ಲಿ ಅರ್ಥವಾಗಿತ್ತು, ಅದಕ್ಕೆ ಹಿಗ್ಗಬೇಕಿತ್ತು. ಆದರೆ ಪೇಪರು ತಿದ್ದುವುದು ಅವ್ವೆಯಲ್ಲವಲ್ಲ ಎಂದು ಹುಲ್ಲು ಹರವುತ್ತಲೇ ನನಗೆ ಅಳು ಬಂತು. ಬೆಳಿಗ್ಗೆ ನೋಡಿದರೆ ಕೆಳಗಿನ ಹೊಲಗಳೆಲ್ಲ ಬೆಳ್ಳಗಾಗಿದ್ದವು. ನಮ್ಮ ಸಸಿಗಳು ಹುಲ್ಲಿನ ಕೆಳಗೆ ಹಸಿರಾಗಿದ್ದವು.

ಫಲಿತಾಂಶಕ್ಕೆ ನಾಲ್ಕು ತಿಂಗಳು. ಶಾಲೆಯಲ್ಲಿ ಪ್ರಾಂಶುಪಾಲರು ಎದುರಾದರೆ ಬೇರೆ ದಾರಿ ಹಿಡಿಯುತ್ತಿದ್ದೆ. ಕ್ಲಾಸಿನಲ್ಲಿ ಹುಡುಗಿಯರ ಮುಖಗಳನ್ನು ಇನ್ನು ನೋಡುತ್ತೇನೋ ಇಲ್ಲವೋ ಎಂಬಂತೆ ನೋಡುತ್ತಿದ್ದೆ. ಹೊಡೆದುಹಾಕಿದ ಆ ಅರ್ಧ ಪುಟ ಕಣ್ಣ ಮುಂದೆ ಬರುತ್ತಿತ್ತು. ಹದಿನೈದು ಅಂಕ, ಖಾತ್ರಿ ಅಂಕ, ಸ್ಕೇಲಿಟ್ಟು ಹೊಡೆದಿದ್ದೆ.

ಮೇ ತಿಂಗಳಲ್ಲಿ ಗೆಡ್ಡೆ ನೆಡುತ್ತಿದ್ದೆವು. ಹುಣಸೂರಿನ ಆ ಹೆಂಗಸು ಫಲಿತಾಂಶ ಬಂದಿದೆಯೆಂದು ಫೋನು ಮಾಡಿದರು. ನಮ್ಮಲ್ಲಿ ಮೇಲಿನ ಹೊಲದ ಮೂಲೆಯಲ್ಲಿ ಮಾತ್ರ ಇಂಟರ್‌ನೆಟ್ ಸಿಗುತ್ತದೆ. ಅಲ್ಲಿಗೆ ಹತ್ತಿ ಹೋಗಿ, ಮಣ್ಣಿನ ಕೈಯಲ್ಲೇ ನೋಂದಣಿ ಸಂಖ್ಯೆ ಒತ್ತಿದೆ. ಪುಟ ತೆರೆಯಲು ಬಹಳ ಹೊತ್ತು ಹಿಡಿಯಿತು. ಪಾಸಾಗಿದ್ದೆ. ಬೇಕಾದದ್ದಕ್ಕಿಂತ ಮೂರೇ ಅಂಕ ಹೆಚ್ಚು. ಆ ಮುದುಕಿಯ ಪದ್ಯಕ್ಕೆ ಎಷ್ಟು ಕೊಟ್ಟರು, ಅದರಿಂದ ಪಾಸಾದೆನೋ ಅಥವಾ ಅದು ಮುಳುಗಿಸಿದರೂ ಉಳಿದ ಉತ್ತರಗಳು ಎತ್ತಿದವೋ, ಅದು ಇವತ್ತಿಗೂ ನನಗೆ ಗೊತ್ತಿಲ್ಲ. ಮಕ್ಕಳಿಗೆ ಬೆರಳಿಟ್ಟು ಓದಲು ಕಲಿಸುವಾಗಲೆಲ್ಲ ಆ ಸಂಶಯ ಬಂದು ಪಕ್ಕದಲ್ಲಿ ನಿಲ್ಲುತ್ತದೆ.

ಕೆಳಗಿಳಿದು ಬಂದು ಅವ್ವೆಯ ಮುಂದೆ ತಲೆ ಬಾಗಿಸಿದೆ. ಅವಳು ಮಣ್ಣಾದ ಕೈಯನ್ನೇ ನೆತ್ತಿಯ ಮೇಲಿಟ್ಟಳು. ಆಚೆ ಸಾಲಿನಲ್ಲಿ ಅಪ್ಪ ಗುದ್ದಲಿ ಊರಿ ನಿಂತು ನಗುತ್ತಿದ್ದ. ಅವ್ವೆ ಕೈ ತೆಗೆಯಲಿಲ್ಲ. ನಾಲ್ಕು ತಿಂಗಳಿಂದ ಕಾದಿದ್ದ ಮಾತನ್ನು ಆಗ ಕೇಳಿದಳು.

“ಆ ಹೆಮ್ಮಾತಿಯ ಬೆಳೆ ಏನಾತು? ಅದನೂ ಬರದಾರಾ?”

ಫಲಿತಾಂಶದ ಜೊತೆಗೆ ಅದೂ ಬರುತ್ತದೆಂದು ಅವಳು ನಂಬಿದ್ದಳು. ನಾನು ನನ್ನ ಅಂಕಕ್ಕೆ ಹೆದರಿಕೊಂಡಿದ್ದ ಅಷ್ಟೂ ದಿನ ಅವ್ವೆ ಆ ಮುದುಕಿಯ ಹೊಲಕ್ಕೆ ಹೆದರಿಕೊಂಡಿದ್ದಳು.

“ಮುಚ್ಚಿದಳು, ಅವ್ವೆ. ಎಲ್ಲ ಉಳಿತು” ಎಂದೆ.

ಅವ್ವೆ ಉಸಿರು ಬಿಟ್ಟು ಗೆಡ್ಡೆಯ ಬುಟ್ಟಿ ಎತ್ತಿಕೊಂಡಳು. ನನ್ನ ಬೆರಳ ಕೆಳಗೆ ಆ ಸಾಲು ಇರಲಿಲ್ಲ.